ನೆಟ್ ಕಂಪನಿ ಬದಲಾಯಿಸಿದರೆ ಹಳೆ ಇಮೇಲ್ ವಿಳಾಸ ಉಳಿಯುತ್ತದೆಯೇ? (ಉದ್ಯಮಬಾಗ್, ಬೆಳಗಾವಿ)

ಲೆಕ್ಕದಕ್ಕ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಉದ್ಯಮಬಾಗ್‌ನ ಒಂದು ಮಷಿನ್ ಶಾಪ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಪಂಪಿನ ಬಿಡಿಭಾಗ ಮಾಡುತ್ತೇವೆ. ಪುಣೆ, ಕೊಲ್ಹಾಪುರ, ಹುಬ್ಬಳ್ಳಿ ಕಡೆಯಿಂದ ಆರ್ಡರ್ ಬರುತ್ತವೆ. ಎಲ್ಲ ಬರೋದು ಇಮೇಲ್‌ನಲ್ಲೇ.

ಸಮಸ್ಯೆ ಏನಂದ್ರೆ, ಆ ಇಮೇಲ್ ವಿಳಾಸ ಬ್ರಾಡ್‌ಬ್ಯಾಂಡ್ ಕಂಪನಿ ಕೊಟ್ಟಿದ್ದು. ಬಹಳ ವರ್ಷದ ಹಿಂದೆ ಕನೆಕ್ಷನ್ ತಗೊಂಡಾಗ ಜೊತೆಗೇ ಬಂದಿತ್ತು. @ ಚಿಹ್ನೆ ಆದಮೇಲೆ ಆ ಕಂಪನಿಯ ಹೆಸರೇ ಇದೆ. ಈಗ ಆ ಲೈನ್ ಸಾಕಾಗಿಹೋಗಿದೆ. ಮಳೆಗಾಲ ಬಂತೆಂದರೆ ಪದೇ ಪದೇ ಬಂದ್. ಒಂದು ಡ್ರಾಯಿಂಗ್ ಫೈಲ್ ಇಳಿಸಿಕೊಳ್ಳಬೇಕೆಂದರೆ ಹುಡುಗರು ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿಕೊಂಡು ಕೂರಬೇಕು. ಇನ್ನೊಂದು ಕಂಪನಿಯ ಫೈಬರ್ ನಮ್ಮ ರಸ್ತೆಗೇ ಬಂದಿದೆ. ಸಾಹುಕಾರರೂ ಹೂಂ ಅಂದಿದ್ದಾರೆ.

ಹಳೆ ಕಂಪನಿಗೆ ಫೋನ್ ಮಾಡಿದರೆ, ಕನೆಕ್ಷನ್ ಸರೆಂಡರ್ ಮಾಡಿದರೆ ಇಮೇಲ್ ಕೂಡ ಬಂದ್ ಅಂದರು. ಯಾವಾಗ ಅಂತ ಕೇಳಿದರೆ ಒಬ್ಬರು ಅವತ್ತೇ ಅನ್ನುತ್ತಾರೆ, ಇನ್ನೊಬ್ಬರು ಒಂದು ತಿಂಗಳು ಬಿಟ್ಟು ಅನ್ನುತ್ತಾರೆ. ಬರೆದು ಕೊಡಿ ಅಂದರೆ ಯಾರೂ ಕೊಡುತ್ತಿಲ್ಲ.

ಮೊಬೈಲ್ ನಂಬರ್ ಪೋರ್ಟ್ ಮಾಡಿಸಬಹುದು ಅಲ್ವಾ? ಇಮೇಲ್‌ಗೆ ಅಂಥದ್ದೇನಾದರೂ ಇದೆಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.


ಖಡೇಬಜಾರ್_ಮೊಬೈಲ್, ಬೆಳಗಾವಿ

ಜಿಮೇಲ್ ಮಾಡಿಕೊಳ್ಳಿ ಅಕ್ಕಾರ, ಹತ್ತು ನಿಮಿಷದ ಕೆಲಸ. ದುಡ್ಡೂ ಇಲ್ಲ.


ಲೆಕ್ಕದಕ್ಕ, ಬೆಳಗಾವಿ

ಹೊಸದು ಮಾಡೋದು ಕಷ್ಟ ಅಲ್ಲ ತಮ್ಮಾ. ಹಳೇದನ್ನು ಬಿಡೋದು ಕಷ್ಟ. ಬಿಲ್ ಪುಸ್ತಕದ ಮೇಲೆ ಅದೇ ವಿಳಾಸ, ಕ್ಯಾಟಲಾಗ್ ಮೇಲೆ ಅದೇ, ಗೇಟಿನ ಬೋರ್ಡ್ ಮೇಲೆ ಪೇಂಟರ್ ಬರೆದದ್ದೂ ಅದೇ. ಜಿಎಸ್‌ಟಿ, ಬ್ಯಾಂಕು, ಗಿರಾಕಿಗಳು ಎಲ್ಲ ಅದರ ಮೇಲೇ ನಿಂತಿದ್ದಾರೆ. ಎರಡು ವರ್ಷಕ್ಕೊಮ್ಮೆ ಆರ್ಡರ್ ಕೊಡುವ ಗಿರಾಕಿ ಕೂಡ ಹಳೆ ಬಿಲ್ ತೆಗೆದು ಅದರಲ್ಲಿದ್ದ ವಿಳಾಸಕ್ಕೇ ಬರೆಯುತ್ತಾನೆ. ಅಂಥವರನ್ನೆಲ್ಲ ಎಲ್ಲಿಂದ ಹುಡುಕೋದು?


ನೆಟ್‌ವರ್ಕ್_ಕೆಲಸದವ, ವಿಜಯಪುರ

ಅಕ್ಕಾರ, ಮೊದಲು ಒಂದು ಮಾತು. ಸರೆಂಡರ್ ಅರ್ಜಿಗೆ ಈಗಲೇ ಸಹಿ ಹಾಕಬೇಡಿ. ಹೊಸ ಫೈಬರ್ ಹಾಕಿಸಿಕೊಳ್ಳಿ, ಆದರೆ ಹಳೆ ಕನೆಕ್ಷನ್ ಜೀವಂತ ಇರಲಿ. ಇದೊಂದು ಸರಿ ಇದ್ದರೆ ಉಳಿದ ಎಲ್ಲವನ್ನೂ ಸಾವಕಾಶವಾಗಿ ಮಾಡಬಹುದು.

ಈಗ ನಿಮ್ಮ ಪ್ರಶ್ನೆ. ಇಮೇಲ್ ಯಾಕೆ ಪೋರ್ಟ್ ಆಗಲ್ಲ? ಮೊಬೈಲ್ ನಂಬರ್ ಪೋರ್ಟ್ ಆಗೋದು ತಾನಾಗಿ ಬಂದದ್ದಲ್ಲ. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ಟ್ರಾಯ್ ನಿಯಮ ಮಾಡಿ, 2011ರ ಜನವರಿ 20ರಿಂದ ದೇಶದ ತುಂಬ ಜಾರಿಗೆ ಬಂತು. ಯಾವ ನಂಬರ್ ಈಗ ಯಾವ ಕಂಪನಿಯಲ್ಲಿದೆ ಅನ್ನುವುದಕ್ಕೆ ಒಂದು ಪಟ್ಟಿ ಇದೆ. ಕಾಲ್ ಕಳಿಸುವ ಮೊದಲು ಎಲ್ಲ ಕಂಪನಿಗಳೂ ಅದನ್ನು ನೋಡಲೇಬೇಕು. ಇಮೇಲ್‌ಗೆ ನಮ್ಮಲ್ಲಿ ಅಂಥ ನಿಯಮವೂ ಇಲ್ಲ, ಅಂಥ ಪಟ್ಟಿಯೂ ಇಲ್ಲ.

ಇಮೇಲ್ ನಡೆಯುವ ರೀತಿಯೇ ಬೇರೆ. @ ಚಿಹ್ನೆಯ ಬಲಗಡೆ ಇರೋದು ಡೊಮೇನ್. ಪುಣೆಯ ನಿಮ್ಮ ಗಿರಾಕಿ ಮೇಲ್ ಕಳಿಸಿದಾಗ ಅವರ ಸರ್ವರ್ ಎಡಗಡೆಯ ಹೆಸರಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಬಲಗಡೆಯ ಡೊಮೇನ್‌ಗೆ ಬರುವ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್ನೆಟ್‌ನ ವಿಳಾಸ ಪುಸ್ತಕದಲ್ಲಿ, ಕೇಳುತ್ತದೆ. ಅಲ್ಲಿ ಎಂಎಕ್ಸ್ ಅಂತ ಒಂದು ದಾಖಲೆ ಇರುತ್ತದೆ, ಅದು ಉತ್ತರ ಹೇಳುತ್ತದೆ. ಮೇಲ್ ಅಲ್ಲಿಗೆ ಹೋದಮೇಲೆ ಆ ಸರ್ವರ್ ಎಡಗಡೆಯ ಹೆಸರು ನೋಡಿ ನಿಮ್ಮ ಪೆಟ್ಟಿಗೆಗೆ ಹಾಕುತ್ತದೆ.

ಇದರಲ್ಲಿ ತೊಡಕು ಎಲ್ಲಿದೆ ನೋಡಿ. ಎಂಎಕ್ಸ್ ದಾಖಲೆ ಇರೋದು ಇಡೀ ಡೊಮೇನ್‌ಗೆ, ಒಬ್ಬೊಬ್ಬ ಗ್ರಾಹಕನಿಗೆ ಬೇರೆ ಬೇರೆ ಇರುವುದಿಲ್ಲ. ನಿಮ್ಮ ಹಳೆ ಕಂಪನಿಯ ಡೊಮೇನ್ ಮೇಲೆ ಅವರ ಸಾವಿರಾರು ಗ್ರಾಹಕರ ವಿಳಾಸ ಇರಬಹುದು. ಅದರಲ್ಲಿ ನಿಮ್ಮದೊಂದನ್ನೇ ಬಿಡಿಸಿ ಹೊಸ ಫೈಬರ್ ಕಂಪನಿಗೆ ಕಳಿಸೋದು ಎಂಎಕ್ಸ್‌ನಿಂದ ಆಗುವ ಕೆಲಸ ಅಲ್ಲ. ಬರುವ ಮೇಲ್ ಮೊದಲು ಹಳೆ ಕಂಪನಿಯ ಸರ್ವರ್‌ಗೇ ಹೋಗಬೇಕು. ಅವರು ಮನಸ್ಸು ಮಾಡಿದರೆ ಮುಂದಕ್ಕೆ ಕಳಿಸಬಹುದು, ಇಲ್ಲದಿದ್ದರೆ ಇಲ್ಲ. ಹೊಸ ಕಂಪನಿಯವರು ಎಷ್ಟೇ ಒಳ್ಳೆಯವರಿದ್ದರೂ ಇದರಲ್ಲಿ ಏನೂ ಮಾಡಲಾರರು.

ಹಾಗಾಗಿ ಹಳೆ ಕಂಪನಿಗೆ ಕೇಳಬೇಕಾದದ್ದು ಬೇರೆ. ಬರೀ ಇಮೇಲ್ ಉಳಿಸಿಕೊಳ್ಳುವ ಪ್ಲಾನ್ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಅವರ ಅತಿ ಕಡಿಮೆ ಬಾಡಿಗೆಯ ಪ್ಲಾನ್‌ಗೆ ಇಳಿಸಿಕೊಳ್ಳಿ. ವೇಗ ಹೇಗೂ ನಿಮಗೆ ಬೇಕಿಲ್ಲ. ಆ ಪ್ಲಾನ್‌ನಲ್ಲಿ ಇಮೇಲ್ ಉಳಿಯುತ್ತದೆ ಅನ್ನುವುದನ್ನು ಮಾತ್ರ ಕಚೇರಿಗೆ ಹೋಗಿ ಬರಹದಲ್ಲಿ ಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಂಡು ಬನ್ನಿ. ಫೋನಿನಲ್ಲಿ ಸಿಕ್ಕ ಉತ್ತರ ನಂಬಬೇಡಿ.


ನವನಗರ_ಮೇಷ್ಟ್ರು, ಬಾಗಲಕೋಟೆ

ವಿಜಯಪುರದವರು ಬಹಳ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಾನು ನಮ್ಮ ಊರಿನ ಅನುಭವದಿಂದ ಒಂದು ಮಾತು ಸೇರಿಸುತ್ತೇನೆ.

ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಓಣಿ ಮುಳುಗಡೆಯಾಗಿ ನಾವೆಲ್ಲ ನವನಗರಕ್ಕೆ ಬಂದೆವು. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಬಂತು. ಆಗ ಕಾಗದಗಳು ತಪ್ಪದೆ ಮುಟ್ಟಿದ್ದು ಯಾರಿಗೆ? ಹೊಸ ಮನೆಗೆ ಹೋಗುವ ಮೊದಲೇ ಪೋಸ್ಟ್ ಆಫೀಸಿಗೆ ಬರೆದುಕೊಟ್ಟು, ಬೀಗರು ನೆಂಟರು, ಬ್ಯಾಂಕು, ಎಲ್‌ಐಸಿ ಎಲ್ಲರಿಗೂ ಕಾರ್ಡ್ ಹಾಕಿದವರಿಗೆ. ಹಳೆ ಮನೆಗೆ ಬೀಗ ಹಾಕಿದ ಮೇಲೆ ಹೇಳಲು ಹೊರಟವರ ಕಾಗದ ತಿರುಗಿ ಹೋದವು. ನಿಮ್ಮದೂ ಅದೇ ಕ್ರಮ. ಮೊದಲು ಹೊಸ ವಿಳಾಸ, ಆಮೇಲೆ ಎಲ್ಲರಿಗೂ ತಿಳಿಸೋದು, ಕಡೆಗೆ ಹಳೆಯದಕ್ಕೆ ಬೀಗ.

ಇನ್ನೊಂದು. ಇಂಥ ವಿಳಾಸ ಇಟ್ಟುಕೊಂಡವರನ್ನು ಹಳೆ ಕಾಲದವರು ಅಂತ ಯಾರೂ ಅನ್ನಬಾರದು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಆಗ ಇಮೇಲ್ ಅಂದರೆ ಕನೆಕ್ಷನ್ ಕೊಟ್ಟವರು ಕೊಟ್ಟ ವಿಳಾಸವೇ. ಬ್ರೌಸರ್‌ನಲ್ಲಿ ತೆರೆಯುವ ಹಾಟ್‌ಮೇಲ್ ಬಂದಿದ್ದು 1996ರಲ್ಲಿ, ಜಿಮೇಲ್ ಬಂದಿದ್ದು 2004ರಲ್ಲಿ. ಅದಾದ ಮೇಲೂ ಬಹಳ ವರ್ಷ, ಬಿಲ್ ಮೇಲೆ ನೆಟ್ ಕಂಪನಿ ಹೆಸರಿನ ವಿಳಾಸ ಇದ್ದರೆ ಗಿರಾಕಿಗೆ ನಂಬಿಕೆ ಜಾಸ್ತಿ ಅನ್ನುವ ಭಾವನೆ ಇತ್ತು. ಆ ಕಾಲಕ್ಕೆ ಸರಿಯಾದ ಆಯ್ಕೆಯನ್ನೇ ಜನ ಮಾಡಿದ್ದರು.


ತೆರಿಗೆ_ಕೆಲಸ, ಬಾಗಲಕೋಟೆ

ಅಕ್ಕಾರ, ನಾನು ಜಿಎಸ್‌ಟಿ ಮತ್ತು ಆದಾಯ ತೆರಿಗೆ ಕೆಲಸ ಮಾಡುತ್ತೇನೆ. ಗಿರಾಕಿಗಳಿಗಿಂತ ಮೊದಲು ಸರ್ಕಾರಿ ಖಾತೆಗಳನ್ನು ಬದಲಾಯಿಸಿ. ಕಾರಣ ಹೇಳುತ್ತೇನೆ.

ಜಿಎಸ್‌ಟಿ ಕಾಯ್ದೆಯ 169ನೇ ಕಲಂ ಪ್ರಕಾರ, ನೋಂದಣಿಯಲ್ಲಿ ನೀವು ಕೊಟ್ಟ ಇಮೇಲ್‌ಗೆ ನೋಟಿಸ್ ಕಳಿಸುವುದು ಕೂಡ ನೋಟಿಸ್ ಜಾರಿ ಮಾಡುವ ಒಂದು ಕ್ರಮ. ಅಂದರೆ ನಿಮ್ಮ ಹಳೆ ಪೆಟ್ಟಿಗೆ ಬಂದ್ ಆಗಿ ನೀವು ನೋಡದೇ ಹೋದರೂ, ಕಳಿಸಿದ್ದೇವೆ ಅಂತ ಇಲಾಖೆ ಹೇಳಬಹುದು. ಉತ್ತರ ಕೊಡುವ ಗಡುವು ಸುಮ್ನೆ ಕಳೆದುಹೋಗುತ್ತದೆ. ನಾನು ನೋಡಿದ ದೊಡ್ಡ ತಲೆನೋವುಗಳಲ್ಲಿ ಇದೂ ಒಂದು. ಪೋರ್ಟಲ್‌ಗೆ ಲಾಗಿನ್ ಆಗಿ ನೋಟಿಸ್ ವಿಭಾಗವನ್ನು ಆಗಾಗ ತೆಗೆದು ನೋಡುವ ಅಭ್ಯಾಸ ಕೂಡ ಇರಲಿ.

ಬದಲಾಯಿಸೋದು ಕಷ್ಟ ಇಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಂದಣಿ ವಿಭಾಗದ ಒಳಗೆ ನಾನ್ ಕೋರ್ ತಿದ್ದುಪಡಿ ಅಂತ ಇದೆ. ಅಲ್ಲಿ ಅಧಿಕೃತ ಸಹಿದಾರರ ಇಮೇಲ್ ಬದಲಾಯಿಸಬಹುದು. ಹೊಸ ವಿಳಾಸಕ್ಕೆ ಓಟಿಪಿ ಬರುತ್ತದೆ. ಈ ತಿದ್ದುಪಡಿಗೆ ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿಲ್ಲ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಪ್ರೊಫೈಲ್ ಒಳಗೇ ಬದಲಾಯಿಸಬಹುದು. ಬ್ಯಾಂಕಿಗೆ ಮಾತ್ರ ಸಾಹುಕಾರರೇ ಪ್ಯಾನ್, ಆಧಾರ್ ತಗೊಂಡು ಶಾಖೆಗೆ ಹೋಗಿ ಅರ್ಜಿ ಕೊಡಬೇಕಾಗಬಹುದು. ಪಿಎಫ್, ಇಎಸ್‌ಐ, ಉದ್ಯಮ್ ನೋಂದಣಿ, ವಿಮೆ, ಡಿಜಿಟಲ್ ಸಹಿ, ಹೆಸ್ಕಾಂ ಬಿಲ್ ಇವನ್ನೂ ಮರೆಯಬೇಡಿ.

ಒಂದು ಎಚ್ಚರ ಇರಲಿ. ಮೊಬೈಲ್ ನಂಬರ್ ಮತ್ತು ಇಮೇಲ್ ಎರಡನ್ನೂ ಒಟ್ಟಿಗೆ ಬದಲಾಯಿಸಲು ಹೋಗಬೇಡಿ. ಇಮೇಲ್ ಬದಲಾಗುವವರೆಗೆ ನಂಬರ್ ಹಳೆಯದೇ ಇರಲಿ. ಎರಡೂ ಕೈತಪ್ಪಿದರೆ ಓಟಿಪಿ ಬರಲು ದಾರಿಯೇ ಇರುವುದಿಲ್ಲ.


ಲೆಕ್ಕದಕ್ಕ, ಬೆಳಗಾವಿ

169ರ ವಿಷಯ ಗೊತ್ತಿರಲಿಲ್ಲ ಸರ್. ಸಾಹುಕಾರರಿಗೆ ಇವತ್ತೇ ಓದಿ ಹೇಳಿದೆ. "ಮೊದಲು ಅದನ್ನೇ ಮಾಡಮ್ಮ" ಅಂದರು.

ಒಂದು ಪಟ್ಟಿ ಶುರು ಮಾಡಿದ್ದೇನೆ. ಉದ್ದನೆಯ ಲೆಡ್ಜರ್ ಪುಸ್ತಕದಲ್ಲಿ ಎಡಕ್ಕೆ ಖಾತೆಯ ಹೆಸರು, ನಡುವೆ ಬದಲಾಯಿಸಿದ ತಾರೀಖು, ಬಲಕ್ಕೆ ಹೊಸ ವಿಳಾಸಕ್ಕೆ ಮೊದಲ ಮೇಲ್ ಬಂತೋ ಇಲ್ಲವೋ ಅನ್ನುವ ಗುರುತು. ಹಳೆ ಇನ್‌ಬಾಕ್ಸ್‌ನಲ್ಲಿ ಓಟಿಪಿ, ಸ್ಟೇಟ್‌ಮೆಂಟ್, ಪಾಸ್‌ವರ್ಡ್ ಅಂತ ಒಂದೊಂದೇ ಪದ ಹಾಕಿ ಹುಡುಕಿದರೆ ಮರೆತೇಹೋದ ಖಾತೆಗಳೆಲ್ಲ ಹೊರಗೆ ಬರುತ್ತಿವೆ. ತೂಕದ ಯಂತ್ರದ ಸರ್ವಿಸ್ ಖಾತೆ ಕೂಡ ಇದರಲ್ಲೇ ಇದೆ!

ಈಗ ಹೊಸ ವಿಳಾಸ ಯಾವುದು ಅನ್ನುವ ಪ್ರಶ್ನೆ. ಫೈಬರ್ ಕಂಪನಿಯವರು ಅವರದೇ ಇಮೇಲ್ ಕೊಡುತ್ತೇವೆ ಅಂದರು.


ನೆಟ್‌ವರ್ಕ್_ಕೆಲಸದವ, ವಿಜಯಪುರ

ಬೇಡವೇ ಬೇಡ. ನಾಳೆ ಫೈಬರ್ ಕಂಪನಿಯನ್ನೂ ಬಿಡಬೇಕಾದರೆ ಮತ್ತೆ ಇದೇ ಪಟ್ಟಿ ಮಾಡಬೇಕಾಗುತ್ತದೆ. ನೆಟ್ ಯಾರದ್ದಾದರೂ ಇರಲಿ, ವಿಳಾಸಕ್ಕೂ ಅದಕ್ಕೂ ಸಂಬಂಧವೇ ಇರಬಾರದು.

ನಿಮ್ಮಂಥ ಕಾರ್ಖಾನೆಗೆ ಸ್ವಂತ ಡೊಮೇನ್ ತಗೊಳ್ಳಿ ಅಂತಲೇ ನನ್ನ ಸಲಹೆ. ಡಾಟ್ ಇನ್ ಡೊಮೇನ್ 2005ರಿಂದ ಎಲ್ಲರಿಗೂ ಸಿಗುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಕೆಲವು ನೂರು ರೂಪಾಯಿಯಲ್ಲಿ ಆಗುತ್ತದೆ. ಮೊದಲ ವರ್ಷ ಅಗ್ಗ ತೋರಿಸಿ ಎರಡನೇ ವರ್ಷ ಜಾಸ್ತಿ ಹಾಕುವ ರೂಢಿ ಇದೆ, ಹಾಗಾಗಿ ನವೀಕರಣದ ದರ ಕೇಳಿಯೇ ತಗೊಳ್ಳಿ.

ಸ್ವಂತ ಡೊಮೇನ್ ಇದ್ದರೆ ನಾನು ಮೊದಲು ಹೇಳಿದ ಎಂಎಕ್ಸ್ ದಾಖಲೆ ನಿಮ್ಮ ಕೈಯಲ್ಲಿರುತ್ತದೆ. ಮೇಲ್ ಸೇವೆ ಕೊಡುವ ಕಂಪನಿ ಇವತ್ತು ಜೊಹೊ, ನಾಳೆ ಗೂಗಲ್, ನಾಡಿದ್ದು ಮೈಕ್ರೋಸಾಫ್ಟ್. ಎಲ್ಲಿ ಇಟ್ಟರೂ ಎಂಎಕ್ಸ್ ಬದಲಾಯಿಸಿದರೆ ಸಾಕು, ಹೊಸ ಮೇಲ್ ಹೊಸ ಕಡೆ ಬರುತ್ತದೆ. ಎಲ್ಲ ಕಡೆ ಹರಡಲು ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ಗಿರಾಕಿಗೆ ಏನೂ ಗೊತ್ತಾಗುವುದಿಲ್ಲ, ಬೋರ್ಡೂ ಬದಲಾಯಿಸಬೇಕಿಲ್ಲ. ಮೊಬೈಲ್ ಪೋರ್ಟ್‌ಗೆ ಸಮನಾದ ಸೌಲಭ್ಯ ಇಮೇಲ್‌ನಲ್ಲಿ ಇದ್ದರೆ ಇದೊಂದೇ.

ಜೊಹೊ ಮೇಲ್‌ನಲ್ಲಿ 5 ಜನರವರೆಗೆ ಉಚಿತ ಯೋಜನೆ ಇದೆ. ಅದು ಬ್ರೌಸರ್‌ನಲ್ಲಿ ಮತ್ತು ಅವರದೇ ಆ್ಯಪ್‌ನಲ್ಲಿ ನಡೆಯುತ್ತದೆ. ಕಂಪ್ಯೂಟರಿನಲ್ಲಿ ಮೇಲ್ ನೋಡುವ ಔಟ್‌ಲುಕ್ ತಂತ್ರಾಂಶಕ್ಕೆ ಜೋಡಿಸಬೇಕೆಂದರೆ ದುಡ್ಡು ಕೊಡುವ ಯೋಜನೆ ಬೇಕು.

ಡೊಮೇನ್ ಹಾಕಿಸುವಾಗ ಎಸ್‌ಪಿಎಫ್ ಮತ್ತು ಡಿಕಿಮ್ ಅಂತ ಎರಡು ದಾಖಲೆಗಳನ್ನೂ ಹಾಕಿಸಿ. ಈ ಡೊಮೇನ್ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗೆ ಅಧಿಕಾರ ಇದೆ, ಬಂದ ಮೇಲ್ ನಿಜವಾಗಿ ಅಲ್ಲಿಂದಲೇ ಬಂತಾ ಅನ್ನುವುದಕ್ಕೆ ಅವು ಪುರಾವೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇದನ್ನು ಇನ್ನಷ್ಟು ಬಿಗಿ ಮಾಡಿವೆ. ಅವು ಇಲ್ಲದಿದ್ದರೆ ನಿಮ್ಮ ಕೊಟೇಶನ್ ಗಿರಾಕಿಯ ಸ್ಪ್ಯಾಮ್‌ಗೆ ಹೋಗಿ ಬೀಳಬಹುದು.


ಇಳಕಲ್_ಸೀರೆ_ಅಂಗಡಿ, ಬಾಗಲಕೋಟೆ ಜಿಲ್ಲೆ

ಡೊಮೇನ್ ವಿಷಯ ಬಂತು ಅಂತ ಹೇಳುತ್ತೇನೆ. ದಯವಿಟ್ಟು ಎಲ್ಲರೂ ಕೇಳಿ.

ನಮ್ಮ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಡೊಮೇನನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿದ್ದ. ತನ್ನ ಇಮೇಲ್, ತನ್ನ ಫೋನ್ ನಂಬರ್. ನಮಗೆ ಹೇಳಲೂ ಇಲ್ಲ. ಆಮೇಲೆ ಕೆಲಸ ಸಿಕ್ಕು ಬೇರೆ ಊರಿಗೆ ಹೋದ. ನವೀಕರಣದ ಸೂಚನೆ ಎಲ್ಲ ಅವನಿಗೇ ಹೋಗಿದೆ. ಒಂದು ಬೆಳಗ್ಗೆ ಮೇಲ್ ಬರುವುದೇ ನಿಂತಿತು. ನವರಾತ್ರಿಯ ಆರ್ಡರ್ ಬರುವ ಹೊತ್ತು ಬೇರೆ. ಮಗ್ಗದವರಿಗೆ ಬಣ್ಣ, ಸೆರಗು ಏನು ಹೇಳಬೇಕು ಅನ್ನುವ ಮಾಹಿತಿಯೆಲ್ಲ ಆ ಮೇಲ್‌ಗಳಲ್ಲೇ ಇರುತ್ತಿತ್ತು.

ಪುಣ್ಯಕ್ಕೆ ಅವಧಿ ಮುಗಿದ ಮೇಲೂ ವಾಪಸ್ ಪಡೆಯಲು ಸ್ವಲ್ಪ ದಿನ ಕೊಡುತ್ತಾರೆ. ಆ ಹುಡುಗನನ್ನು ಹುಡುಕಿ, ಅವನಿಂದ ಲಾಗಿನ್ ಪಡೆದು, ಜಾಸ್ತಿ ದುಡ್ಡು ಕಟ್ಟಿ ಬಿಡಿಸಿಕೊಂಡೆವು. ಆ ದಿನಗಳೂ ದಾಟಿದ್ದರೆ ಯಾರು ಬೇಕಾದರೂ ನಮ್ಮ ಹೆಸರು ಕೊಂಡುಕೊಳ್ಳಬಹುದಿತ್ತು. ನಮ್ಮ ಗಿರಾಕಿಗಳ ಮೇಲ್ ಎಲ್ಲ ಅವರಿಗೆ ಹೋಗುತ್ತಿತ್ತು.

ಅಕ್ಕಾರ, ಮಾಲೀಕರ ಹೆಸರು ಹಾಕುವ ಜಾಗದಲ್ಲಿ ಸಾಹುಕಾರರ ಹೆಸರೇ ಇರಲಿ. ದುಡ್ಡು ಕಟ್ಟೋದೂ ಅವರ ಕಾರ್ಡ್‌ನಿಂದಲೇ ಆಗಲಿ. ಒಂದೇ ಸಲ ಐದು ವರ್ಷಕ್ಕೆ ಕಟ್ಟಬಹುದು. ಡೊಮೇನ್ ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನ್‌ನದ್ದು ಆಗಬಾರದು. ಡೊಮೇನ್ ನಿಂತ ದಿನ ಆ ಇಮೇಲ್ ಕೂಡ ನಿಲ್ಲುತ್ತದೆ, ಸೂಚನೆ ನೋಡೋಕೆ ಆಗಲ್ಲ.


ಖಡೇಬಜಾರ್_ಮೊಬೈಲ್, ಬೆಳಗಾವಿ

ಇಷ್ಟೆಲ್ಲ ತಾಪತ್ರಯ ಇದೆ ಅಂತಲೇ ನಾನು ಜಿಮೇಲ್ ಅಂದಿದ್ದು. ಸಣ್ಣ ಅಂಗಡಿಯವರಿಗೆ ನವೀಕರಣ, ಎಂಎಕ್ಸ್, ಎಸ್‌ಪಿಎಫ್ ಅಂತ ಯಾರು ನೋಡಿಕೊಳ್ಳುತ್ತಾರೆ? ನನ್ನ ಅಂಗಡಿಗೆ ಬರುವ ಹೆಚ್ಚಿನವರಿಗೆ ಪಾಸ್‌ವರ್ಡ್ ನೆನಪಿಟ್ಟುಕೊಳ್ಳೋದೇ ಕಷ್ಟ.


ನವನಗರ_ಮೇಷ್ಟ್ರು, ಬಾಗಲಕೋಟೆ

ತಮ್ಮಾ, ಮನೆ ಮಟ್ಟಕ್ಕೆ ನೀವು ಹೇಳಿದ್ದು ಸರಿ. ನನ್ನಂಥ ನಿವೃತ್ತರಿಗೆ ಜಿಮೇಲ್ ಸಾಕು. ಆದರೆ ಅದೂ ನಮ್ಮ ಸ್ವಂತದ್ದಲ್ಲ ಅನ್ನುವುದು ಗೊತ್ತಿರಲಿ. 2 ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಅಳಿಸಬಹುದು ಅಂತ ಗೂಗಲ್ ನಿಯಮ ಮಾಡಿದೆ. ಮಕ್ಕಳು ಮಾಡಿಕೊಟ್ಟು ಹೋದ ಖಾತೆಯನ್ನು ಆಗಾಗ ತೆರೆದು ನೋಡಬೇಕು. ಪಾಸ್‌ವರ್ಡ್ ಮರೆತರೆ ಬೇಕಾಗುವ ರಿಕವರಿ ನಂಬರ್ ಮಗನದ್ದೋ ಮಗಳದ್ದೋ ಇದ್ದು, ಅವರು ನಂಬರ್ ಬದಲಾಯಿಸಿದ್ದರೆ ಅದನ್ನೂ ಸರಿಮಾಡಿಸಿಕೊಳ್ಳಿ.


ದ್ರಾಕ್ಷಿ_ವ್ಯಾಪಾರ, ತಿಕೋಟಾ

ನಾನು ಒಣದ್ರಾಕ್ಷಿ ವ್ಯಾಪಾರದವನು. ಸಾಂಗಲಿ, ತಾಸಗಾಂವ್ ಮಾರುಕಟ್ಟೆಗೆ ಹಾಕುತ್ತೇವೆ, ಸ್ವಲ್ಪ ಹೊರದೇಶಕ್ಕೂ ಹೋಗುತ್ತದೆ. ಎಲ್ಲರೂ ತಾಂತ್ರಿಕ ವಿಷಯ ಹೇಳಿದಿರಿ. ಗಿರಾಕಿಗೆ ಹೇಗೆ ತಿಳಿಸಬೇಕು ಅನ್ನುವುದನ್ನು ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಅದೇ ದೊಡ್ಡ ಕೆಲಸ.

ಈಗಿನ ಕಾಲದಲ್ಲಿ "ನಮ್ಮ ಇಮೇಲ್ ಬದಲಾಗಿದೆ" ಅಂತ ಹೊಸ ವಿಳಾಸದಿಂದ ಮೇಲ್ ಬಂದರೆ ತಿಳಿದ ವ್ಯಾಪಾರಿ ನಂಬುವುದಿಲ್ಲ. ನಂಬಲೂಬಾರದು. ಮೋಸಗಾರರು ಮಾಡುವುದೇ ಹಾಗೆ. ಒಂದಕ್ಷರ ಆಚೀಚೆ ಇರುವ ವಿಳಾಸ ಮಾಡಿಕೊಂಡು, ನಡೆಯುತ್ತಿರುವ ಮಾತುಕತೆಯ ನಡುವೆ ನುಗ್ಗಿ, "ಬ್ಯಾಂಕ್ ಖಾತೆಯೂ ಬದಲಾಗಿದೆ, ಇದಕ್ಕೆ ಹಾಕಿ" ಅನ್ನುತ್ತಾರೆ. ಕಂಟೇನರ್ ದುಡ್ಡು ಒಂದೇ ಏಟಿಗೆ ಹೋಗುತ್ತದೆ.

ಹಾಗಾಗಿ ನೀವು ತಿಳಿಸುವ ಪತ್ರ ಹಳೆ ವಿಳಾಸದಿಂದಲೇ ಹೋಗಬೇಕು. ಅದು ನಡೆಯುತ್ತಿರುವಾಗಲೇ ಕಳಿಸಿ. ಅದರಲ್ಲಿ ಇಷ್ಟು ಬರೆಯಿರಿ: ಇಂಥ ತಾರೀಖಿನಿಂದ ಹೊಸ ವಿಳಾಸ ಇದು. ನಮ್ಮ ಬ್ಯಾಂಕ್ ಖಾತೆ ಬದಲಾಗಿಲ್ಲ. ಖಾತೆ ಬದಲಾಗಿದೆ ಅಂತ ಯಾವ ಇಮೇಲ್ ಬಂದರೂ ನಮಗೆ ಹಳೆ ಫೋನ್ ನಂಬರ್‌ಗೆ ಕಾಲ್ ಮಾಡಿ ಕೇಳದೆ ದುಡ್ಡು ಹಾಕಬೇಡಿ. ದೊಡ್ಡ ಗಿರಾಕಿಗಳಿಗೆ ಸಾಹುಕಾರರೇ ಫೋನ್ ಮಾಡಿ ಬಾಯಲ್ಲಿ ಹೇಳಲಿ. ಮುಂದಿನ ಕೆಲವು ತಿಂಗಳು ಎಲ್ಲ ಬಿಲ್ ಜೊತೆ ಈ ಸಾಲುಗಳ ಚೀಟಿ ಇಡಿ.

ರಫ್ತು ಮಾಡುವವರಿಗೆ ಇನ್ನೊಂದು ಮಾತು. ಆಮದು ರಫ್ತಿಗೆ ಬೇಕಾದ ಐಇಸಿ ನಂಬರ್‌ನ ವಿವರವನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿದೇಶ ವ್ಯಾಪಾರ ಇಲಾಖೆಯ ಡಿಜಿಎಫ್‌ಟಿ ಪೋರ್ಟಲ್‌ನಲ್ಲಿ ದೃಢಪಡಿಸಬೇಕು. ಆಗ ಇಮೇಲ್ ಸರಿ ಇದೆಯಾ ನೋಡಿಕೊಳ್ಳಿ. ಹಾಗೆ ಮಾಡದಿದ್ದರೆ ಐಇಸಿ ನಿಷ್ಕ್ರಿಯ ಆಗುತ್ತದೆ, ಸರಕು ಬಂದರಿನಲ್ಲಿ ನಿಲ್ಲುವ ಪರಿಸ್ಥಿತಿ ಬರುತ್ತದೆ.


ಲೆಕ್ಕದಕ್ಕ, ಬೆಳಗಾವಿ

ಕಾಕಾ, ನೀವು ಹೇಳಿದ ಮಾತುಗಳನ್ನು ಹಾಗೇ ಪತ್ರದಲ್ಲಿ ಹಾಕಿಕೊಳ್ಳುತ್ತೇನೆ. ಬ್ಯಾಂಕ್ ಖಾತೆಯ ಸಾಲು ನನಗೆ ಹೊಳೆದೇ ಇರಲಿಲ್ಲ.

ವಿಜಯಪುರದ ಅಣ್ಣಾರಿಗೆ ಇನ್ನೊಂದು ಪ್ರಶ್ನೆ. ಹಳೆ ಮೇಲ್‌ಗಳೆಲ್ಲ ಔಟ್‌ಲುಕ್‌ನಲ್ಲಿವೆ. ಡ್ರಾಯಿಂಗ್, ಪರ್ಚೇಸ್ ಆರ್ಡರ್, ಇನ್‌ಸ್ಪೆಕ್ಷನ್ ರಿಪೋರ್ಟ್ ಎಲ್ಲ ಅದರಲ್ಲೇ. ಹಳೆ ಖಾತೆ ಬಂದ್ ಆದರೆ ಅವೂ ಹೋಗುತ್ತವಾ? ಇನ್ನೂ ಒಂದಿದೆ. ಹೊಸ ಫೈಬರ್ ಹಾಕಿ ನೋಡಿದೆವು. ಹಳೆ ವಿಳಾಸಕ್ಕೆ ಮೇಲ್ ಬರುತ್ತಿದೆ, ಆದರೆ ಅದರಿಂದ ಕಳಿಸಿದರೆ ಹೋಗುತ್ತಿಲ್ಲ.


ನೆಟ್‌ವರ್ಕ್_ಕೆಲಸದವ, ವಿಜಯಪುರ

ಎರಡನೆಯದು ಮೊದಲು. ಮೇಲ್ ತರುವ ಸರ್ವರ್ ಬೇರೆ, ಕಳಿಸುವ ಸರ್ವರ್ ಬೇರೆ. ಕಳಿಸುವುದಕ್ಕೆ ಎಸ್‌ಎಂಟಿಪಿ ಅನ್ನುತ್ತಾರೆ. ಹಳೆ ನೆಟ್ ಕಂಪನಿಗಳ ಎಸ್‌ಎಂಟಿಪಿ ಸರ್ವರ್ ಎಷ್ಟೋ ಕಡೆ ತಮ್ಮದೇ ಲೈನ್‌ನಿಂದ ಬಂದವರಿಗೆ ಮಾತ್ರ ಬಾಗಿಲು ತೆಗೆಯುತ್ತದೆ. ನೀವು ಈಗ ಬೇರೆ ಲೈನ್‌ನಿಂದ ಹೋಗುತ್ತಿದ್ದೀರಿ, ಅದಕ್ಕೇ ನಿರಾಕರಿಸುತ್ತಿರಬಹುದು. ಔಟ್‌ಲುಕ್‌ನ ಖಾತೆ ಸೆಟ್ಟಿಂಗ್‌ನಲ್ಲಿ ಹೊರಹೋಗುವ ಸರ್ವರ್‌ಗೂ ಯೂಸರ್ ಹೆಸರು, ಪಾಸ್‌ವರ್ಡ್ ಬೇಕು ಅನ್ನುವ ಗುರುತು ಹಾಕಿ, ಅಲ್ಲೇ ಪೋರ್ಟ್ ನಂಬರ್ ಅನ್ನುವ ಜಾಗದಲ್ಲಿ 587 ಕೊಟ್ಟು ನೋಡಿ (ಇದು ಮೊಬೈಲ್ ಪೋರ್ಟ್ ಅಲ್ಲ). ಆಗಲಿಲ್ಲ ಅಂದರೆ ಬ್ರೌಸರ್‌ನಲ್ಲಿ ಅವರ ವೆಬ್‌ಮೇಲ್ ತೆರೆದು ಅಲ್ಲಿಂದ ಕಳಿಸಿ. ಗಿರಾಕಿಗಳಿಗೆ ತಿಳಿಸುವ ಪತ್ರಕ್ಕೆ ಅಷ್ಟು ಸಾಕು.

ಹಳೆ ಮೇಲ್ ವಿಷಯ. ಔಟ್‌ಲುಕ್ ಪಾಪ್ ಪದ್ಧತಿಯಲ್ಲಿದೆಯಾ, ಐಮ್ಯಾಪ್ ಪದ್ಧತಿಯಲ್ಲಿದೆಯಾ ಅಂತ ಖಾತೆ ಸೆಟ್ಟಿಂಗ್‌ನಲ್ಲಿ ನೋಡಿ. ಪಾಪ್ ಆದರೆ ಮೇಲ್ ನಿಮ್ಮ ಕಂಪ್ಯೂಟರಿಗೆ ಇಳಿದಿರುತ್ತದೆ. ಪಿಎಸ್‌ಟಿ ಅನ್ನುವ ಒಂದು ಫೈಲ್‌ನಲ್ಲಿ ಕೂತಿರುತ್ತದೆ. ಖಾತೆ ಬಂದ್ ಆದರೂ ಅದು ಹೋಗುವುದಿಲ್ಲ. ಆದರೆ ಆ ಹಾರ್ಡ್ ಡಿಸ್ಕ್ ಕೆಟ್ಟರೆ ಎಲ್ಲವೂ ಹೋಯಿತು, ಇನ್ನೊಂದು ಪ್ರತಿ ಎಲ್ಲೂ ಇರುವುದಿಲ್ಲ. ಐಮ್ಯಾಪ್ ಆದರೆ ಉಲ್ಟಾ. ಅಸಲು ಇರೋದು ಹಳೆ ಕಂಪನಿಯ ಸರ್ವರ್‌ನಲ್ಲಿ, ನಿಮ್ಮ ಕಡೆ ಕಾಣುವುದು ಅದರ ಪ್ರತಿ. ಖಾತೆ ಅಳಿಸಿದರೆ ಆ ಪ್ರತಿಯನ್ನು ನೆಚ್ಚಿಕೊಂಡು ಕೂರೋಕೆ ಆಗಲ್ಲ.

ಎರಡೂ ಸಂದರ್ಭದಲ್ಲಿ ಮೊದಲು ಔಟ್‌ಲುಕ್‌ನ ಎಕ್ಸ್‌ಪೋರ್ಟ್‌ನಿಂದ ಎಲ್ಲ ಫೋಲ್ಡರ್‌ಗಳನ್ನೂ ಪಿಎಸ್‌ಟಿ ಮಾಡಿ, ಹೊರಗಿನ ಡಿಸ್ಕ್‌ಗೆ ಹಾಕಿಡಿ. ಆ ಡಿಸ್ಕ್ ಸಾಹುಕಾರರ ಮನೆಯಲ್ಲಿರಲಿ, ಶಾಪ್‌ನಲ್ಲಿ ಬೇಡ. ಆಮೇಲೆ ಹೊಸ ಖಾತೆಯನ್ನು ಅದೇ ಔಟ್‌ಲುಕ್‌ಗೆ ಐಮ್ಯಾಪ್ ಮೂಲಕ ಜೋಡಿಸಿ, ಹಳೆ ಫೋಲ್ಡರ್‌ನಿಂದ ಹೊಸದಕ್ಕೆ ಸ್ವಲ್ಪ ಸ್ವಲ್ಪವೇ ಕಾಪಿ ಮಾಡಿ. ಒಂದೊಂದು ವರ್ಷದ್ದು ಒಂದೊಂದು ಸಲ. ಎಲ್ಲ ಒಟ್ಟಿಗೆ ಎಳೆದರೆ ನಡುವೆ ನಿಂತುಬಿಡುತ್ತದೆ, ಎಲ್ಲಿಯವರೆಗೆ ಹೋಯಿತು ಅಂತ ತಿಳಿಯುವುದಿಲ್ಲ. ಥಂಡರ್‌ಬರ್ಡ್ ಅನ್ನುವ ಉಚಿತ ತಂತ್ರಾಂಶದಲ್ಲೂ ಹೀಗೇ ಮಾಡಬಹುದು. ಮೂಲ ಇದ್ದಲ್ಲೇ ಇರಲಿ, ಮೂವ್ ಮಾಡಬೇಡಿ. ಎರಡೂ ಕಡೆಯ ಮೇಲ್‌ಗಳ ಲೆಕ್ಕ ತಾಳೆಯಾದ ಮೇಲೆ ನೋಡೋಣ.

ಮೊದಲೆಲ್ಲ ಜಿಮೇಲ್ ತಾನೇ ಬೇರೆ ಖಾತೆಯಿಂದ ಪಾಪ್ ಮೂಲಕ ಮೇಲ್ ಎಳೆದುಕೊಳ್ಳುತ್ತಿತ್ತು. 2026ರ ಜನವರಿಯಿಂದ ಅದನ್ನು ನಿಲ್ಲಿಸುವುದಾಗಿ ಗೂಗಲ್ ಹೇಳಿತ್ತು. ಹಳೆ ವಿಡಿಯೊ ನೋಡಿ ಆ ದಾರಿ ಹಿಡಿಯಬೇಡಿ.


ತೆರಿಗೆ_ಕೆಲಸ, ಬಾಗಲಕೋಟೆ

ಹಳೆ ಮೇಲ್ ಜೋಪಾನ ಮಾಡಲೇಬೇಕು ಅಕ್ಕಾರ. ಜಿಎಸ್‌ಟಿ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು ಅಂತ ಕಾಯ್ದೆ ಹೇಳುತ್ತದೆ. ಆರ್ಡರ್, ಬಿಲ್ ಎಲ್ಲ ಮೇಲ್‌ನಲ್ಲೇ ಇದ್ದರೆ ಅದೂ ನಿಮ್ಮ ದಾಖಲೆಯೇ.


ಲೆಕ್ಕದಕ್ಕ, ಬೆಳಗಾವಿ

ಈವರೆಗೆ ಆದದ್ದನ್ನು ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು.

ಹಳೆ ಕನೆಕ್ಷನ್ ಕಡಿಮೆ ಬಾಡಿಗೆಯ ಪ್ಲಾನ್‌ಗೆ ಇಳಿಸಿದೆವು. ಇಮೇಲ್ ನಡೆಯುತ್ತಿದೆ. ಅರ್ಜಿಯ ಪ್ರತಿಗೆ ಸೀಲ್ ಹಾಕಿಸಿಕೊಂಡಿದ್ದೇನೆ. ಸಾಹುಕಾರರ ಹೆಸರಿನಲ್ಲೇ ಡಾಟ್ ಇನ್ ಡೊಮೇನ್ ತಗೊಂಡಿದ್ದೇವೆ, ಐದು ವರ್ಷಕ್ಕೆ. ಹೆಸರು ಆರಿಸುವಾಗ ಅವರು ಊರಿನ ಹೆಸರು ಸೇರಿಸೋಣ ಅಂದರು. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿ ಆದಾಗ ಎಷ್ಟು ಬೋರ್ಡ್, ಎಷ್ಟು ಲೆಟರ್‌ಹೆಡ್ ತಿದ್ದಿಸಿದೆವು ಅಂತ ನೆನಪಿಸಿದೆ. ಬರೀ ಶಾಪ್ ಹೆಸರು ಸಾಕು ಅಂದರು. ಫೋನಿನಲ್ಲಿ ಹೇಳಿದರೆ ಎದುರಿನವರು ತಪ್ಪಿಲ್ಲದೆ ಬರೆದುಕೊಳ್ಳುವಷ್ಟು ಸಣ್ಣ ಹೆಸರು.

ವಿಳಾಸಗಳನ್ನು ಜನರ ಹೆಸರಿನಲ್ಲಿ ಮಾಡಿಲ್ಲ. ಲೆಕ್ಕಕ್ಕೆ ಒಂದು, ಆರ್ಡರ್‌ಗೆ ಒಂದು. ನಾಳೆ ನಾನು ಕೆಲಸ ಬಿಟ್ಟರೂ ಬಂದವರು ಅದೇ ವಿಳಾಸ ನೋಡಿಕೊಳ್ಳಬಹುದು. ಜಿಎಸ್‌ಟಿ, ಆದಾಯ ತೆರಿಗೆ, ಪಿಎಫ್ ಮುಗಿದಿವೆ. ಬ್ಯಾಂಕಿನದ್ದು ಅರ್ಜಿ ಕೊಟ್ಟಾಗಿದೆ. ಬಿಲ್ ಪುಸ್ತಕ ಹೊಸದು ಅಚ್ಚಿಗೆ ಹೋಗಿದೆ, ಅದರ ಕೆಳಗೆ ತಿಕೋಟಾ ಕಾಕಾ ಹೇಳಿದ ಬ್ಯಾಂಕ್ ಖಾತೆಯ ಸಾಲೂ ಇದೆ.

ಇನ್ನು ಒಂದೇ ಪ್ರಶ್ನೆ. ಹಳೆಯದನ್ನು ಯಾವಾಗ ಬಿಡಬಹುದು?


ನೆಟ್‌ವರ್ಕ್_ಕೆಲಸದವ, ವಿಜಯಪುರ

ನನ್ನ ಲೆಕ್ಕದಲ್ಲಿ ಒಂದು ಪೂರ್ತಿ ವರ್ಷ ಇಟ್ಟುಕೊಳ್ಳಿ. ವಿಮೆ, ಲೈಸೆನ್ಸ್, ಯಂತ್ರಗಳ ವಾರ್ಷಿಕ ನಿರ್ವಹಣೆ ಒಪ್ಪಂದ (ಎಎಂಸಿ) ಇವೆಲ್ಲ ವರ್ಷಕ್ಕೊಮ್ಮೆ ಮೇಲ್ ಕಳಿಸುತ್ತವೆ. ಒಂದು ಸುತ್ತು ಬಂದು ಹೋದರೆ ಬಿಟ್ಟುಹೋದದ್ದು ಯಾವುದು ಅಂತ ತಾನಾಗಿ ಗೊತ್ತಾಗುತ್ತದೆ. ಹಳೆ ಪೆಟ್ಟಿಗೆಯಲ್ಲಿ ವಿಳಾಸ ಬದಲಾಗಿದೆ ಅನ್ನುವ ಸ್ವಯಂ ಉತ್ತರ ಹಾಕಿಡಿ. ಅವರ ವೆಬ್‌ಮೇಲ್‌ನಲ್ಲಿ ಫಾರ್ವರ್ಡ್ ಸೌಲಭ್ಯ ಇದ್ದರೆ ಅದನ್ನೂ ಹಾಕಿ. ಫಾರ್ವರ್ಡ್ ಆದ ಮೇಲ್ ಕೆಲವು ಸಲ ಸ್ಪ್ಯಾಮ್‌ಗೆ ಹೋಗುತ್ತದೆ, ಅಲ್ಲೂ ಒಂದು ಕಣ್ಣಿರಲಿ.

ಬಿಡುವ ದಿನದ ಬಗ್ಗೆ ಒಂದು ಮಾತು. ಸರ್ವರ್ ತಾತ್ಕಾಲಿಕವಾಗಿ ಕೆಟ್ಟರೆ ಕಳಿಸಿದವರ ಸರ್ವರ್ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ. ಖಾತೆಯೇ ಇಲ್ಲ ಅಂದರೆ ಆ ಕ್ಷಣವೇ ತಿರುಗಿ ಹೋಗುತ್ತದೆ, ಗಿರಾಕಿಗೆ ಇಂಗ್ಲಿಷ್‌ನಲ್ಲಿ ಒಂದು ತಪ್ಪು ಸಂದೇಶ ಹೋಗುತ್ತದೆ. ಅದನ್ನು ನೋಡಿ ಶಾಪ್ ಮುಚ್ಚಿದೆ ಅಂದುಕೊಳ್ಳುವವರೂ ಇರುತ್ತಾರೆ.

ಇನ್ನೂ ಮುಖ್ಯ ಒಂದಿದೆ. ಬಿಟ್ಟ ವಿಳಾಸವನ್ನು ಕಂಪನಿ ಮುಂದೆ ಬೇರೆಯವರಿಗೆ ಕೊಡಲೂಬಹುದು. ಆಗ ನಿಮ್ಮ ಯಾವುದೋ ಖಾತೆ ಇನ್ನೂ ಹಳೆ ವಿಳಾಸದಲ್ಲಿದ್ದರೆ, ಪಾಸ್‌ವರ್ಡ್ ಮರೆತಿದ್ದೇನೆ ಅಂತ ಒತ್ತಿದವರಿಗೆ ಅದರ ಕೀಲಿ ಸಿಕ್ಕಂತೆ. ಸರೆಂಡರ್‌ಗೆ ಮೊದಲು ನಿಮ್ಮ ಲೆಡ್ಜರ್‌ನ ಬಲಗಡೆ ಕಾಲಂನಲ್ಲಿ ಒಂದು ಮನೆಯೂ ಖಾಲಿ ಇರಬಾರದು.


ಅಂಗನವಾಡಿ_ಟೀಚರ್, ಮುಧೋಳ

ನಡುವೆ ಬಂದೆ, ಕ್ಷಮಿಸಿ. ನನ್ನದು ಜಿಮೇಲೇ. ಆದರೆ ಅದರ ರಿಕವರಿ ಇಮೇಲ್ ಜಾಗದಲ್ಲಿ ನಮ್ಮ ಮನೆಯವರ ಹಳೆ ಬ್ರಾಡ್‌ಬ್ಯಾಂಡ್ ವಿಳಾಸ ಇದೆ. ಆ ಕನೆಕ್ಷನ್ ತೆಗೆಸಿ ಬಹಳ ದಿನವಾಯಿತು. ಇದರಿಂದ ತೊಂದರೆ ಇದೆಯಾ?


ನೆಟ್‌ವರ್ಕ್_ಕೆಲಸದವ, ವಿಜಯಪುರ

ಇದೆ ಟೀಚರ್. ಈಗ ಜಿಮೇಲ್ ತೆರೆದೇ ಇದೆ ಅಲ್ವಾ, ಇವತ್ತೇ ಬದಲಾಯಿಸಿ. ಗೂಗಲ್ ಖಾತೆ ತೆರೆದು ಭದ್ರತೆ ವಿಭಾಗಕ್ಕೆ ಹೋಗಿ. ರಿಕವರಿ ಇಮೇಲ್ ಅಂತ ಇರುತ್ತದೆ. ಹಳೆಯದನ್ನು ತೆಗೆದು ಮನೆಯವರ ಈಗಿನ ವಿಳಾಸ ಹಾಕಿ, ಅಲ್ಲಿಗೆ ಬರುವ ಕೋಡ್ ಕೊಡಿ. ಅದರ ಹತ್ತಿರವೇ ರಿಕವರಿ ಫೋನ್ ನಂಬರ್ ಇದೆ, ಅದು ನಿಮ್ಮ ಕೈಯಲ್ಲಿರುವ ಸಿಮ್‌ನದ್ದೇನಾ ಅಂತ ನೋಡಿ.


ಅಂಗನವಾಡಿ_ಟೀಚರ್, ಮುಧೋಳ

ಆಯ್ತು ಸರ್, ಎರಡೂ ಬದಲಾಯಿಸಿದೆ. ಫೋನ್ ನಂಬರ್ ಕೂಡ ಹಳೆಯದೇ ಇತ್ತು.